ಮೋಟರ್ ಒದರುತ್ತದೆ, ಗಾಡಿ ಜರುಗುವುದಿಲ್ಲ: ಕೆಟ್ಟಿದ್ದು ಎಲ್ಲಿ?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾ ಕಲಬುರಗಿಯಂವ. ನನ್ನ ಹತ್ರ 1/10 ಅಳತೆದು ರಿಮೋಟ್ ಗಾಡಿ ಅದ. ನಾಕೂ ಗಾಲಿಗೆ ಪವರ್ ಬರ್ತದ, ಬ್ರಷ್‌ಲೆಸ್ ಮೋಟರ್, 3300 ಕೆವಿ ಅಂತ ಬರ್ದಾರ. ಸೆಕೆಂಡ್ ಹ್ಯಾಂಡ್ ತೊಗೊಂಡಿದ್ದು. ಮೊದ್ಲ ಎರಡು ಸೆಲ್ಲಿನ ಬ್ಯಾಟ್ರಿ ಹಾಕ್ತಿದ್ದೆ, ದೀಪಾವಳಿಯಿಂದ ಈಚೆ ಮೂರು ಸೆಲ್ಲಿಂದು ಹಾಕ್ಲಾಕತ್ತೀನಿ. ತೊಗರಿ ಕೊಯ್ದ ಹೊಲದಾಗ ಓಡಿಸ್ತೀವಿ, ಮನಿ ಮುಂದಿನ ಶಹಾಬಾದ್ ಕಲ್ಲಿನ ಅಂಗಳದಾಗೂ ಓಡಿಸ್ತೀವಿ. ತಿಂಗಳ ಹಿಂದ ಜೋರು ಥ್ರಾಟಲ್ ಕೊಟ್ಟಾಗ ಟರ್ರ್ ಅಂತ ಸಪ್ಪಳ ಬರ್ತಿತ್ತು. ಹೋದ ಐತಾರದಿಂದ ಮೋಟರ್ ಒದರ್ತದ, ಗಾಡಿ ಜರಗಂಗಿಲ್ಲ. ಮುಂದಿನ ಗಾಲಿನೂ ತಿರಗಂಗಿಲ್ಲ, ಹಿಂದಿನವೂ ಇಲ್ಲ. ಗೇರಿನ ಮುಚ್ಚಳ ತೆಗೆದ್ರ ಕರಿ ಪುಡಿ ಬಿತ್ತು, ಎರಿ ಮಣ್ಣಿರಬೇಕು. ಅಂಗಡ್ಯಾವ್ರು ಮೋಟರ್ ಹೋಗ್ಯದ, ಹೊಸದು ಹಾಕ್ರಿ ಅಂತಾರ. ಗೆಳೆಯ ಒಬ್ಬಂವ ಸ್ಲಿಪ್ಪರ್ ಕ್ಲಚ್ಚಿನ ನಟ್ ಪೂರಾ ಟೈಟ್ ಮಾಡು ಅಂದ, ಮಾಡ್ದೆ. ಅದಾದ ಮ್ಯಾಲೆ ಸಪ್ಪಳ ಹೆಚ್ಚಾಯ್ತು. ಇನ್ನೊಬ್ಬಂವ ಹಿಡಿತ ಬರ್ತದಂತ ಮುಂದಿನ ಡಿಫ್‌ನಾಗ ಗ್ರೀಸ್ ತುಂಬಿ ಕೊಟ್ಟಿದ್ದ. ಆವಾಗಿಂದ ಅಂಗಳದಾಗ ತಿರುವುವಾಗ ಮುಂದಿನ ಗಾಲಿ ಜಿಗೀತಿದ್ವು. ಸ್ಪರ್ ಗೇರಿಗೆ 54 ಹಲ್ಲು, ಪಿನಿಯನ್‌ಗೆ 18. ಸ್ಟೀಲ್ ಗೇರ್ ಹಾಕಿದ್ರ ಎಲ್ಲಾ ಸರಿ ಹೋಗ್ತದೇನ್ರಿ? ಪಾರ್ಟ್ ತರಿಸ್ಲಿಕ್ಕೆ ವಾರ ಹಿಡೀತದ, ಅದಕ್ಕ ಏನ್ ತರಿಸ್ಬೇಕಂತ ಮೊದ್ಲ ಗೊತ್ತಾದ್ರ ಛಲೋ.

ಉತ್ತರ: ಹೊಸ ಮೋಟರ್ ತರಿಸಬೇಡಿ. ಒದರುವ ಮೋಟರ್ ಸತ್ತ ಮೋಟರ್ ಅಲ್ಲ. ಬ್ರಷ್‌ಲೆಸ್ ಮೋಟರ್ ನಿಜವಾಗಿ ಕೆಟ್ಟಿದ್ದರೆ ಸಲೀಸಾಗಿ ತಾರಕಕ್ಕೆ ಏರುವುದಿಲ್ಲ. ಹೊರಡುವಾಗಲೇ ಗಡಗಡ ನಡುಗುತ್ತದೆ, ಹಿಂದೆ ಮುಂದೆ ತಡವರಿಸುತ್ತದೆ, ಒಳಗಿನಿಂದ ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. ಬರೀ ನಡುಕವಿದ್ದರೆ ಆಗಲೂ ಮೋಟರಿನ ಮೇಲೆ ಅನುಮಾನ ಪಡುವ ಮುಂಚೆ ಅದಕ್ಕೂ ಇಎಸ್‌ಸಿಗೂ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ನಡುವಿನ ಮೂರು ವೈರುಗಳನ್ನು ನೋಡಬೇಕು. ಅವುಗಳಲ್ಲಿ ಒಂದರ ಬೆಸುಗೆ ಬಿಟ್ಟಿದ್ದರೂ ಇದೇ ನಡುಕ ಬರುತ್ತದೆ. ನಿಮ್ಮ ಗಾಡಿಯಲ್ಲಿ ಇವು ಯಾವುವೂ ಇಲ್ಲ. ಮೋಟರ್ ತಿರುಗುತ್ತಿದೆ, ಅದರ ತಿರುಗು ಗಾಲಿಗೆ ತಲುಪುತ್ತಿಲ್ಲ, ಅಷ್ಟೇ.

ನಿಮ್ಮ ಪತ್ರದಲ್ಲಿ ಇರುವುದು ಒಂದು ತೊಂದರೆಯಲ್ಲ, ಎರಡು. ಗಾಡಿ ಜರುಗದಿರುವುದು ಒಂದು, ಅಂಗಳದಲ್ಲಿ ಗಾಲಿ ಜಿಗಿಯುತ್ತಿದ್ದುದು ಇನ್ನೊಂದು. ಎರಡನ್ನೂ ಕೂಡಿಸಿ ಯೋಚಿಸಿದ್ದಕ್ಕೇ ಇಷ್ಟು ಗೊಂದಲ.

ನಾಲ್ಕೂ ಗಾಲಿ ನಿಂತಿವೆ ಎಂದರೆ ಏನರ್ಥ

ಗಾಲಿ ಹಿಂದಿನವೂ ತಿರುಗುತ್ತಿಲ್ಲ, ಮುಂದಿನವೂ ಇಲ್ಲ ಎಂದು ನೀವು ಗಮನಿಸಿ ಬರೆದದ್ದು ಅರ್ಧ ಕೆಲಸ ಮುಗಿಸಿದೆ. ಮೋಟರಿನ ದಂಡದ ಮೇಲೆ ಪಿನಿಯನ್ ಎಂಬ ಚಿಕ್ಕ ಗೇರ್, ಅದು ಕಚ್ಚುವ ದೊಡ್ಡ ಸ್ಪರ್ ಗೇರ್, ಸ್ಪರ್‌ಗೆ ಅಂಟಿಕೊಂಡೇ, ಅತಿ ಬಲ ಬಿದ್ದಾಗ ಜಾರಿಕೊಡುವ ಸ್ಲಿಪ್ಪರ್ ಕ್ಲಚ್. ಅಲ್ಲಿಂದ ನಡು ಶಾಫ್ಟ್ ಎರಡೂ ಕಡೆ ಹೋಗಿ ಮುಂದಿನ ಡಿಫ್, ಹಿಂದಿನ ಡಿಫ್ ಎರಡನ್ನೂ ತಿರುಗಿಸುತ್ತದೆ. (ಡಿಫ್ ಅಂದರೆ ಡಿಫರೆನ್ಷಿಯಲ್, ಎಡ ಬಲ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ.) ಡಿಫ್‌ನಿಂದ ಡಾಗ್‌ಬೋನ್ (ಗಾಲಿಗೆ ಶಕ್ತಿ ಒಯ್ಯುವ ಸಣ್ಣ ಶಾಫ್ಟ್), ಕೊನೆಗೆ ಆಕ್ಸಲ್, ಹೆಕ್ಸ್ (ಗಾಲಿ ಕೂರುವ ಆರು ಮೂಲೆಯ ತುಂಡು), ಗಾಲಿ.

ನಡುವೆ ಸ್ಲಿಪ್ಪರ್ ಇರುವ ಇಂಥ ಗಾಡಿಯಲ್ಲಿ ಹಿಂದಿನ ಡಿಫ್ ಚೂರಾದರೂ ಮುಂದಿನ ಗಾಲಿಗಳು ಎಳೆಯುತ್ತವೆ. ಮುಂದಿನದು ಹೋದರೆ ಹಿಂದಿನವು ತಳ್ಳುತ್ತವೆ. ಗಾಡಿ ಕುಂಟುತ್ತದೆಯೇ ಹೊರತು ನಿಲ್ಲುವುದಿಲ್ಲ. ನಾಲ್ಕೂ ಒಟ್ಟಿಗೆ ನಿಂತಿವೆ ಎಂದ ಮೇಲೆ ದೋಷ ಕವಲೊಡೆಯುವ ಮುಂಚಿನ ಮೂರು ಜಾಗಗಳಲ್ಲೇ ಇರಬೇಕು: ಪಿನಿಯನ್, ಸ್ಪರ್, ಸ್ಲಿಪ್ಪರ್. (ಸ್ಲಿಪ್ಪರ್ ಬದಲು ನಡುವೆಯೂ ಒಂದು ಡಿಫ್ ಇರುವ ಗಾಡಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಒಂದು ತುದಿ ಮುರಿದರೆ ಶಕ್ತಿಯೆಲ್ಲ ಆ ಕಡೆಗೇ ಸೋರಿಹೋಗುತ್ತದೆ.)

ಇನ್ನು ಆ ಕರಿ ಪುಡಿ. ಚಿಟಿಕೆಯಷ್ಟು ತೆಗೆದು ಒದ್ದೆ ಬೆರಳುಗಳ ನಡುವೆ ತಿಕ್ಕಿ ನೋಡಿ. ಎರೆ ಮಣ್ಣಾದರೆ ನುಣ್ಣಗೆ ಕಲಸಿ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಕಲಸದೆ ತರಿತರಿಯಾಗಿ ಉಳಿದರೆ ಅದು ಮಣ್ಣಲ್ಲ, ನಿಮ್ಮ ಸ್ಪರ್ ಗೇರಿನ ನೈಲಾನ್. ತಿಂಗಳಿಂದ ಬಂದ ಟರ್ರ್ ಸಪ್ಪಳ, ನಟ್ ಬಿಗಿದ ಮೇಲೆ ಅದು ಹೆಚ್ಚಾದದ್ದು, ಈಗ ಈ ಪುಡಿ: ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಸ್ಪರ್ ಹಲ್ಲು ಸವೆದು ಹೋಗಿದೆ ಎಂದೇ ನನ್ನ ಅಂದಾಜು. ಆದರೂ ಅಂದಾಜಿನ ಮೇಲೆ ಪಾರ್ಟ್ ತರಿಸುವುದು ಬೇಡ. ಕೈಯಿಂದಲೇ ಖಚಿತ ಮಾಡಿಕೊಳ್ಳಬಹುದು.

ಬ್ಯಾಟರಿ ತೆಗೆದು, ಕೈಯಿಂದ ಪರೀಕ್ಷೆ

ಬ್ಯಾಟರಿ ಸ್ವಿಚ್ ಆಫ್ ಮಾಡಿದರೆ ಸಾಲದು, ಬಿಚ್ಚಿ ಪಕ್ಕಕ್ಕಿಡಿ. ಹಲ್ಲುಗಳ ನಡುವೆ ಬೆರಳಿರುವಾಗ ಮೋಟರ್ ಒಮ್ಮೆ ಎದ್ದರೆ ಉಗುರು ಉಳಿಯುವುದಿಲ್ಲ.

ಗೇರಿನ ಮುಚ್ಚಳ ತೆಗೆದಿಟ್ಟು ಗಾಡಿಯನ್ನು ನೆಲದ ಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳಿ. ಸರಿಯಿರುವ ಬ್ರಷ್‌ಲೆಸ್ ಗಾಡಿ ತಳ್ಳಿದರೆ ಮೋಟರಿನ ಅಯಸ್ಕಾಂತ ಹಿಡಿದು ಬಿಡುವುದು ಕೈಗೆ ಗೊತ್ತಾಗುತ್ತದೆ. ನಿಮ್ಮದು ಬಹುಶಃ ಹಗುರಾಗಿ ಉರುಳುತ್ತದೆ. ಉರುಳುವಾಗ ಮೂರು ಕಡೆ ಕಣ್ಣಿಡಿ. ಸ್ಪರ್ ತಿರುಗಿ ಪಿನಿಯನ್ ನಿಂತಿದ್ದರೆ ಹಲ್ಲು ಸವೆದಿದೆ, ಇಲ್ಲವೇ ಮೋಟರ್ ಹಿಂದಕ್ಕೆ ಸರಿದು ಹಲ್ಲು ಕಚ್ಚುವುದು ತಪ್ಪಿದೆ. ಪಿನಿಯನ್ ತಿರುಗಿಯೂ ಮೋಟರಿನ ದಂಡ ತಿರುಗದಿದ್ದರೆ, ಪಿನಿಯನ್ನನ್ನು ದಂಡಕ್ಕೆ ಬಿಗಿಯುವ ಗ್ರಬ್ ಸ್ಕ್ರೂ ಸಡಿಲ. ಗಾಲಿ ಉರುಳುತ್ತಿದ್ದರೂ ಸ್ಪರ್ ಅಲ್ಲಾಡದಿದ್ದರೆ ಸ್ಲಿಪ್ಪರ್ ಜಾರುತ್ತಿದೆ. ನೀವು ನಟ್ ಪೂರಾ ಬಿಗಿದಿರುವುದರಿಂದ ಇದರ ಸಾಧ್ಯತೆ ಕಡಿಮೆ. ಸ್ಪರ್ ಅನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಪ್ರತಿ ಹಲ್ಲನ್ನೂ ನೋಡಿ. ಒಂದೇ ಕಡೆ ನಾಲ್ಕಾರು ಹಲ್ಲು ಹೋಗಿದ್ದರೆ ಕಲ್ಲು ಸಿಕ್ಕಿಕೊಂಡಿತ್ತು ಎಂದು ತಿಳಿಯಿರಿ. ಸುತ್ತಲೂ ಒಂದೇ ಸಮ ಸವೆದಿದ್ದರೆ ಪಿನಿಯನ್ನಿಗೂ ಸ್ಪರ್‌ಗೂ ನಡುವಿನ ಅಂತರ ತಪ್ಪಿದೆ.

ಗ್ರಬ್ ಸ್ಕ್ರೂ ಮೋಸಗಾರ. ಕೈಯಿಂದ ತಿರುಗಿಸಿದಾಗ ಪಿನಿಯನ್ ದಂಡವನ್ನು ಹಿಡಿದಂತೆಯೇ ಇರುತ್ತದೆ, ಭಾರ ಬಿದ್ದಾಗ ಜಾರುತ್ತದೆ. ಅದಕ್ಕೊಂದು ಸುಲಭ ಉಪಾಯವಿದೆ: ದಂಡದ ತುದಿಯಿಂದ ಪಿನಿಯನ್ ಮೇಲಕ್ಕೆ ಮಾರ್ಕರ್ ಪೆನ್ನಿನಿಂದ ಒಂದು ನೇರ ಗೆರೆ ಎಳೆಯಿರಿ. ಓಡಿಸಿದ ಮೇಲೆ ಗೆರೆ ಎರಡು ತುಂಡಾಗಿ ಬೇರೆ ಬೇರೆ ಕಡೆ ಇದ್ದರೆ ಕಳ್ಳ ಸಿಕ್ಕಂತೆ. ರಿಮ್ಮಿಗೂ ಟೈರಿಗೂ ಇಂಥದೇ ಗೆರೆ ಎಳೆದಿಡಿ. ಅಂಟು ಬಿಟ್ಟ ಟೈರಿನೊಳಗೆ ರಿಮ್ ಮಾತ್ರ ತಿರುಗುವುದೂ ಉಂಟು, ಅದನ್ನು ಸ್ಲಿಪ್ಪರ್ ದೋಷವೆಂದು ತಿಳಿದು ದಿನಗಟ್ಟಲೆ ಬಿಚ್ಚಿ ಜೋಡಿಸುವವರೂ ಉಂಟು.

ಡಿಫ್‌ಗಳನ್ನೂ ಈಗಲೇ ನೋಡಿಬಿಡಿ, ಪಾರ್ಟ್ ಎರಡು ಸಲ ತರಿಸುವ ತಾಪತ್ರಯ ತಪ್ಪುತ್ತದೆ. ಗಾಡಿ ಎತ್ತಿ ಹಿಡಿದು, ಸ್ಪರ್ ಅಲ್ಲಾಡದಂತೆ ಹೆಬ್ಬೆರಳಿನಿಂದ ಒತ್ತಿ, ಹಿಂದಿನ ಒಂದು ಗಾಲಿ ತಿರುಗಿಸಿ. ಎದುರಿನ ಗಾಲಿ ಅಷ್ಟೇ ವೇಗದಲ್ಲಿ ಉಲ್ಟಾ ತಿರುಗಬೇಕು. ತಿರುಗದಿದ್ದರೆ ಡಾಗ್‌ಬೋನ್, ಅದರ ಪಿನ್ ಅಥವಾ ಒಳಗಿನ ಸಣ್ಣ ಗೇರು ಮುರಿದಿದೆ. ತಿರುಗುವಾಗ ನಡುನಡುವೆ ಕಟಕ್ ಎಂದು ಎಗರಿದರೆ ಸಣ್ಣ ಗೇರಿನ ಹಲ್ಲು ಹಾರಿದೆ. ಆಮೇಲೆ ಸ್ಪರ್ ಒತ್ತಿ ಹಿಡಿದೇ ಹಿಂದಿನ ಎರಡೂ ಗಾಲಿಗಳನ್ನು ಒಟ್ಟಿಗೆ ಮುಂದಕ್ಕೆ ತಿರುಗಿಸಲು ನೋಡಿ. ತಿರುಗಬಾರದು. ತುಂಬ ಬಲ ಹಾಕಿದಾಗ ಸದ್ದಿಲ್ಲದೆ ಜಾರಿ ಮುಂದಿನ ಗಾಲಿಗಳೂ ಜೊತೆಗೆ ತಿರುಗಿದರೆ ಅದು ಸ್ಲಿಪ್ಪರಿನ ಕೆಲಸ, ದೋಷವಲ್ಲ. ಮುಂದಿನವು ನಿಂತೇ ಇದ್ದು ಹಿಂದಿನವು ಕಟಕಟ ಎಂದು ಎಗರಿದರೆ ಹಿಂದಿನ ರಿಂಗ್ ಗೇರ್ (ಡಿಫ್‌ನ ದೊಡ್ಡ ಗೇರ್) ಮತ್ತು ಅದನ್ನು ತಿರುಗಿಸುವ ಬೇರೆಯೇ ಚಿಕ್ಕ ಪಿನಿಯನ್ ಸವೆದಿವೆ. ಮುಂದಿನ ಗಾಲಿಗಳಿಗೂ ಇದೇ ಪರೀಕ್ಷೆ. ಗ್ರೀಸ್ ತುಂಬಿದ ಡಿಫ್‌ನಲ್ಲಿ ಒಂದು ಗಾಲಿ ತಿರುಗಿಸುವುದೇ ಕಷ್ಟವಾಗುತ್ತದೆ, ಗಾಬರಿ ಬೇಡ.

ಸ್ಪರ್ ಹೋದದ್ದಲ್ಲ, ಯಾಕೆ ಹೋಯಿತು ಎಂಬುದು

ಹೊಸ ಸ್ಪರ್ ತಂದು ಹಳೆಯದರ ಜಾಗದಲ್ಲಿ ಕೂರಿಸಿದರೆ ಗಾಡಿ ಆ ದಿನ ಓಡುತ್ತದೆ. ಅದನ್ನು ತಿಂದುಹಾಕಿದ ಕಾರಣ ಅಲ್ಲೇ ಕುಳಿತಿದ್ದರೆ ಹೊಸದನ್ನೂ ತಿನ್ನುತ್ತದೆ. ನಿಮ್ಮ ಗಾಡಿಯಲ್ಲಿ ಕಾರಣ ಒಂದಲ್ಲ ಎಂದು ತೋರುತ್ತದೆ.

ಮೊದಲನೆಯದು ಮೂರು ಸೆಲ್ಲಿನ ಬ್ಯಾಟರಿ. 3300 ಕೆವಿ ಎಂದರೆ ಭಾರವಿಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು. ಎರಡು ಸೆಲ್ಲಿನ 7.4 ವೋಲ್ಟಿಗೆ ಅದು ಸುಮಾರು 24,400 ಸುತ್ತು, ಮೂರು ಸೆಲ್ಲಿನ 11.1 ವೋಲ್ಟಿಗೆ ಸುಮಾರು 36,600. ವೇಗ ಒಂದೂವರೆ ಪಟ್ಟಾಯಿತು, ಪಿನಿಯನ್ ಮಾತ್ರ ಅದೇ 18 ಹಲ್ಲು. ಮೊದಲು ನಿಮ್ಮ ಇಎಸ್‌ಸಿ ಮೇಲೆ ಮೂರು ಸೆಲ್ ನಡೆಯುತ್ತದೆ ಎಂದು ಬರೆದಿದೆಯೇ ನೋಡಿ. ಇದ್ದರೆ, ಹಳೆಯ ವೇಗವನ್ನೇ ಉಳಿಸಿಕೊಳ್ಳಲು ಲೆಕ್ಕದ ಪ್ರಕಾರ ಪಿನಿಯನ್ ಮೂರನೇ ಎರಡು ಭಾಗಕ್ಕೆ, ಅಂದರೆ 12 ಹಲ್ಲಿಗೆ ಇಳಿಯಬೇಕು. 13 ಹಲ್ಲಿನದು ಹಾಕಿದರೆ ಹಳೆಯದಕ್ಕಿಂತ ಶೇಕಡಾ 8ರಷ್ಟು, 14 ಹಾಕಿದರೆ ಶೇಕಡಾ 17ರಷ್ಟು ಹೆಚ್ಚು ವೇಗ ಸಿಗುತ್ತದೆ. ಪಿನಿಯನ್ ಚಿಕ್ಕದಾದಷ್ಟೂ ಮೋಟರ್ ಸ್ಪರ್ ಹತ್ತಿರಕ್ಕೆ ಸರಿಯಬೇಕು. 18ರಿಂದ 13ಕ್ಕೆ ಇಳಿದರೆ ಸುಮಾರು 2 ಮಿ.ಮೀ. ಮೋಟರ್ ಮೌಂಟಿನ ಉದ್ದ ತೂತಿನಲ್ಲಿ ಅಷ್ಟು ಜಾಗ ಉಂಟೇ ಎಂದು ಅಳೆದೇ ತರಿಸಿ.

ಎರಡನೆಯದು ನಟ್ ಪೂರಾ ಬಿಗಿದದ್ದು. ಜಿಗಿದು ನೆಲಕ್ಕೆ ಬಿದ್ದಾಗ, ಕೂಳೆಗೆ ಗಾಲಿ ಸಿಕ್ಕಿದಾಗ, ತಿರುಗುವ ಗಾಲಿ ಗಕ್ಕನೆ ನಿಲ್ಲುತ್ತದೆ, ಮೋಟರ್ ನಿಲ್ಲುವುದಿಲ್ಲ. ಆ ಕ್ಷಣದ ಏಟನ್ನು ಜಾರಿ ಕಳೆಯಲೆಂದೇ ಸ್ಲಿಪ್ಪರ್ ಇರುವುದು. ಅದನ್ನು ಬಿಗಿದು ಕಟ್ಟಿಹಾಕಿದರೆ ಏಟು ನೇರ ಸ್ಪರ್ ಹಲ್ಲಿಗೆ. ನಿಮ್ಮ ಗೆಳೆಯರ ಸಲಹೆ ಹುಟ್ಟಿದ್ದು ಇನ್ನೊಂದು ತೊಂದರೆಯಿಂದ: ಸ್ಲಿಪ್ಪರ್ ಅತಿ ಸಡಿಲವಿದ್ದಾಗಲೂ ಮೋಟರ್ ಕೂಗಿ ಗಾಡಿ ಸರಿಯಾಗಿ ಓಡುವುದಿಲ್ಲ. ಆಗ ಬರುವುದು ಟರ್ರ್ ಅಲ್ಲ, ಜುಂಯ್ ಎಂಬ ಎಳೆತ ಮತ್ತು ಪ್ಯಾಡ್ ಸುಟ್ಟ ವಾಸನೆ. ಹಲ್ಲಿನ ಸಪ್ಪಳಕ್ಕೆ ಸ್ಲಿಪ್ಪರ್ ಬಿಗಿಯುವುದು ಉಲ್ಟಾ ಔಷಧ.

ಮೂರನೆಯದು, ಬಹುಶಃ ಎಲ್ಲಕ್ಕಿಂತ ಮುಖ್ಯವಾದದ್ದು, ಹಲ್ಲುಗಳ ಅಂತರ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಹಿಂದಿನವರು ಮೋಟರ್ ಹೇಗೆ ಕೂರಿಸಿದ್ದರೋ ಹಾಗೇ ಓಡಿಸಿರುತ್ತೀರಿ. ಮೋಟರ್ ಹಿಡಿಯುವ ಎರಡು ಸ್ಕ್ರೂಗಳು ಅದುರಿ ಸಡಿಲವಾದರೆ ಮೋಟರ್ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆಗ ಹಲ್ಲಿನ ಬುಡ ಭಾರ ಹೊರುವ ಬದಲು ತುದಿ ಹೊರುತ್ತದೆ. ತುದಿ ಸವೆದಷ್ಟೂ ಟರ್ರ್. ಸ್ಪರ್ ಕೂತ ಶಾಫ್ಟಿನ ಬೇರಿಂಗ್ ಸವೆದಿದ್ದರೂ ಇದೇ ಕಥೆ. ನಿಂತಾಗ ಅಂತರ ಸರಿಯಿರುತ್ತದೆ, ಎಳೆಯುವಾಗ ಸ್ಪರ್ ಪಕ್ಕಕ್ಕೆ ವಾಲಿ ಅಂತರ ಬಿಡುತ್ತದೆ. ಸ್ಪರ್ ಹಿಡಿದು ಮೇಲೆ ಕೆಳಗೆ ಅಲುಗಿಸಿ; ಕಣ್ಣಿಗೆ ಕಾಣುವಷ್ಟು ಆಡಿದರೆ ಬೇರಿಂಗ್ ಬದಲಿಸದೆ ಗೇರ್ ಹಾಕಬೇಡಿ.

ಪಿನಿಯನ್ನನ್ನೂ ಸ್ಪರ್ ಜೊತೆಗೇ ಬದಲಿಸಿ. ಸ್ಟೀಲಿನದು, ಅದಕ್ಕೇನಾಗುತ್ತದೆ ಅನ್ನಿಸಬಹುದು. ಮಣ್ಣಿನಲ್ಲಿ ಓಡಿದ ಪಿನಿಯನ್ ಹಲ್ಲು ತೆಳ್ಳಗಾಗಿ ಒಂದು ಕಡೆಗೆ ಕೊಕ್ಕೆಯಂತೆ ಬಾಗಿರುತ್ತದೆ. ಅಂಥದರ ಜೊತೆ ಹೊಸ ನೈಲಾನ್ ಸ್ಪರ್ ಹಾಕಿದರೆ ಕೊಕ್ಕೆ ಅದನ್ನು ಹೆರೆಯುತ್ತದೆ.

ಯಾವ ಅಳತೆಯ ಗೇರ್

ಹಲ್ಲಿನ ಎಣಿಕೆ ಕೊಟ್ಟಿದ್ದೀರಿ, ಹಲ್ಲಿನ ಗಾತ್ರ (ಪಿಚ್ ಅಥವಾ ಮಾಡ್ಯೂಲ್ ಎಂದು ಹೇಳುವುದು) ಕೊಟ್ಟಿಲ್ಲ. ತರಿಸುವಾಗ ಅದಿಲ್ಲದೆ ಆಗುವುದಿಲ್ಲ. ಪಿನಿಯನ್ನಿನ ಹೊರ ಅಡ್ಡಳತೆಯನ್ನು ವರ್ನಿಯರ್‌ನಿಂದ ಅಳೆಯಿರಿ. 18 ಹಲ್ಲಿಗೆ 16 ಮಿ.ಮೀ. ಆಸುಪಾಸು ಬಂದರೆ 32 ಪಿಚ್ ಅಥವಾ 0.8 ಮಾಡ್ಯೂಲ್, ಇವೆರಡೂ ತೀರ ಹತ್ತಿರ, ಒಂದರ ಜೊತೆ ಒಂದು ನಡೆಸಬಹುದು. 20 ಬಂದರೆ 1 ಮಾಡ್ಯೂಲ್. 12 ಬಂದರೆ 0.6 ಮಾಡ್ಯೂಲ್, 10.6 ಬಂದರೆ 48 ಪಿಚ್. ಈ ಕೊನೆಯ ಎರಡನ್ನು ಕೂಡಿಸಬೇಡಿ. ನೋಡಲು ಒಂದೇ ತರ ಕಾಣುತ್ತವೆ, ಕಚ್ಚಿಕೊಂಡೂ ತಿರುಗುತ್ತವೆ, ನೈಲಾನ್ ಕಡೆಯದು ಬೇಗ ಮುಗಿಯುತ್ತದೆ. ಹಿಂದಿನ ಮಾಲೀಕರು ಇಂಥ ಜೋಡಿ ಹಾಕಿದ್ದರೆ ನಿಮ್ಮ ಸಮಸ್ಯೆಗೆ ಅದೇ ಮೂಲ. ಲೆಕ್ಕ ಸರಳ: ಹಲ್ಲಿನ ಸಂಖ್ಯೆಗೆ 2 ಕೂಡಿಸಿ ಮಾಡ್ಯೂಲಿನಿಂದ ಗುಣಿಸಿದರೆ ಹೊರ ಅಡ್ಡಳತೆ.

ಮೋಟರ್ ದಂಡದ ದಪ್ಪವನ್ನೂ ಅಳೆಯಿರಿ. 3.175 ಮಿ.ಮೀ. ಒಂದು ಬಗೆ, 5 ಮಿ.ಮೀ. ಇನ್ನೊಂದು. ಪಿನಿಯನ್ ತೂತು ಅದಕ್ಕೆ ತಕ್ಕದ್ದಿರಬೇಕು.

ಕೂರಿಸುವ ಕ್ರಮ

ಪಿನಿಯನ್ ಏರಿಸುವ ಮುಂಚೆ ದಂಡ ಮತ್ತು ಗ್ರಬ್ ಸ್ಕ್ರೂ ಎರಡನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ ಎಣ್ಣೆಪಸೆ ತೆಗೆಯಿರಿ. ದಂಡದ ಚಪ್ಪಟೆ ಭಾಗದ ಮೇಲೇ ಸ್ಕ್ರೂ ಕೂರಬೇಕು. ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ. ಕೆಂಪು ಬೇಡ, ಅದು ಕಾಯಿಸದೆ ಬಿಡುವುದಿಲ್ಲ. ಪೂರ್ತಿ ಗಟ್ಟಿಯಾಗಲು ನೀಲಿಯದಕ್ಕೂ ಒಂದು ದಿನ ಕೊಡಿ. ಎಂ3 ಸ್ಕ್ರೂಗೆ 1.5 ಮಿ.ಮೀ., ಎಂ4ಗೆ 2 ಮಿ.ಮೀ. ಅಲೆನ್ ಕೀ. ಅಗ್ಗದ ಸೆಟ್ಟಿನ ಮೆತ್ತನೆ ಕೀ ಹಾಕಿದರೆ ಸ್ಕ್ರೂ ತಲೆ ದುಂಡಗಾಗಿ ಬಿಚ್ಚಲೂ ಬಾರದು, ಬಿಗಿಯಲೂ ಬಾರದು. ಖರ್ಚು ಮಾಡುವುದಿದ್ದರೆ ಒಳ್ಳೆಯ 1.5 ಮತ್ತು 2ರ ಕೀಗೆ ಮಾಡಿ. ಈಗಿರುವ ಸ್ಕ್ರೂ ಹಟ ಹಿಡಿದಿದ್ದರೆ ಬೆಸುಗೆ ಐರನ್ ತುದಿಯನ್ನು ಒಂದು ನಿಮಿಷ ಅದರ ಮೇಲಿಟ್ಟು ಕಾಯಿಸಿ, ಬಿಸಿಯಿರುವಾಗಲೇ ತಿರುಗಿಸಿ.

ಥ್ರೆಡ್‌ಲಾಕರ್ ಲೋಹಕ್ಕೆ ಲೋಹ ಕೂಡುವ ಕಡೆ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತವೆ.

ಪಿನಿಯನ್ ಹಲ್ಲಿನ ಪೂರ್ತಿ ಅಗಲ ಸ್ಪರ್ ಮೇಲೆ ಕೂರುವಂತೆ ಸರಿಸಿಕೊಂಡು ಅಂತರ ನೋಡಿ. ನೋಟ್‌ಬುಕ್ ಹಾಳೆಯ ಒಂದು ಪಟ್ಟಿ ಕತ್ತರಿಸಿ ಎರಡು ಗೇರುಗಳ ನಡುವೆ ಹಾಯಿಸಿ, ಮೋಟರನ್ನು ಸ್ಪರ್ ಕಡೆಗೆ ಒತ್ತಿ ಸ್ಕ್ರೂ ಬಿಗಿಯಿರಿ. ಗೇರ್ ತಿರುಗಿಸಿ ಹಾಳೆ ಹೊರತೆಗೆದರೆ ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಹಾಳೆ ತೆಗೆದ ಮೇಲೆ ಪಿನಿಯನ್ ಹಿಡಿದು ಸ್ಪರ್ ಅಲುಗಿಸಿದರೆ ಸಣ್ಣದಾಗಿ ಟಿಕ್ ಎನ್ನುವಷ್ಟು ಸಡಿಲ ಇರಬೇಕು. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ನೈಲಾನ್ ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ, ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಆ ಜಾಗಕ್ಕೆ ಅಂತರ ಹೊಂದಿಸಿ. ಬಿಗಿಯಾದರೆ ಕೀಂ ಎಂದು ಕಿರುಚುತ್ತದೆ, ಮೋಟರ್ ಬಿಸಿಯಾಗುತ್ತದೆ. ಸಡಿಲಾದರೆ ಹಳೇ ಟರ್ರ್.

ಸ್ಲಿಪ್ಪರ್ ಬಿಚ್ಚಿದಾಗ ಪ್ಯಾಡ್ ಮೇಲೆ ಕನ್ನಡಿಯಂಥ ಹೊಳಪು ಬಂದಿದ್ದರೆ ಬದಲಿಸಿ. ಗಾಡಿಯ ಕೈಪಿಡಿ ಸಿಕ್ಕರೆ ಅದರ ಅಳತೆಯೇ ಅಂತಿಮ. ಸಿಗದಿದ್ದರೆ ಸ್ಪ್ರಿಂಗ್ ಪೂರ್ತಿ ಒತ್ತುವವರೆಗೆ ನಟ್ ತಿರುಗಿಸಿ ಒಂದು ಸುತ್ತು ಹಿಂದಕ್ಕೆ ಬಿಡಿ, ಅಲ್ಲಿಂದ ಶುರು. ಪರೀಕ್ಷೆಗೆ ಹೊಲ ಬೇಡ, ಸಡಿಲ ಮಣ್ಣಿನಲ್ಲಿ ಗಾಲಿಯೇ ಜಾರುವುದರಿಂದ ಸ್ಲಿಪ್ಪರಿನ ಸದ್ದು ಕೇಳಿಸುವುದಿಲ್ಲ. ನಿಮ್ಮ ಕಲ್ಲಿನ ಅಂಗಳದ ಧೂಳು ಗುಡಿಸಿ ನಿಂತಲ್ಲಿಂದ ಪೂರಾ ಥ್ರಾಟಲ್ ಕೊಡಿ. ಮೊದಲ ಒಂದೆರಡು ಅಡಿ ಜುಂಯ್ ಎಂದು ಆಮೇಲೆ ಹಿಡಿಯಬೇಕು. ಹತ್ತು ಅಡಿ ಜಾರಿದರೆ ಕಾಲು ಸುತ್ತು ಬಿಗಿ ಮಾಡಿ. ಸದ್ದೇ ಇಲ್ಲದೆ ಮುಂದಿನ ಗಾಲಿ ಎದ್ದರೆ ಕಾಲು ಸುತ್ತು ಸಡಿಲಿಸಿ. ನೈಲಾನ್ ಹಾಕಿದ ನಟ್ ಬೆರಳಿನಿಂದಲೇ ತಿರುಗುವಷ್ಟು ಸವೆದಿದ್ದರೆ ಹೊಸದು ಹಾಕಿ.

ಗ್ರೀಸ್ ತುಂಬಿದ ಡಿಫ್

ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫ್ ಕೆಲಸ. ಟ್ರ್ಯಾಕ್ಟರಿನಲ್ಲಿ ಡಿಫ್ ಲಾಕ್ ಪೆಡಲ್ ಇರುತ್ತದಲ್ಲ, ಕೆಸರಿನಲ್ಲಿ ಸಿಕ್ಕಾಗ ಒತ್ತಿ, ರಸ್ತೆಗೆ ಬಂದು ತಿರುವುವ ಮುಂಚೆ ಬಿಡುತ್ತಾರೆ. ನಿಮ್ಮ ಗೆಳೆಯರು ಆ ಪೆಡಲನ್ನು ಶಾಶ್ವತವಾಗಿ ಒತ್ತಿಟ್ಟಿದ್ದಾರೆ. ಹೊಲದಲ್ಲಿ ಮಣ್ಣು ಜಾರಿಕೊಡುವುದರಿಂದ ಗೊತ್ತಾಗಲಿಲ್ಲ. ಕಲ್ಲಿನ ಮೇಲೆ ಟೈರು ಜಾರದೆ ಕಚ್ಚಿ ಬಿಡುವುದೇ ಆ ಜಿಗಿತ. ಪ್ರತಿ ಜಿಗಿತದ ಏಟೂ ಡಾಗ್‌ಬೋನ್ ತುದಿಯ ಪಿನ್ನಿಗೆ, ಅದು ಕೂರುವ ಕಪ್ಪಿಗೆ, ರಿಂಗ್ ಗೇರಿಗೆ ಬೀಳುತ್ತದೆ. ಹಿಡಿತ ಬಂದದ್ದು ನಿಜ, ಸುಳ್ಳಲ್ಲ. ಆದರೆ ಮುಂದಿನ ಡಿಫ್ ಲಾಕ್ ಆದ ಗಾಡಿ ತಿರುಗಲು ಒಲ್ಲೆನ್ನುತ್ತದೆ.

ಜಿಗಿತ ಡಿಫ್‌ನದೇ ಎಂದು ಖಾತರಿ ಮಾಡಿಕೊಳ್ಳಿ. ಗಾಡಿ ಎತ್ತಿ, ಸ್ಟಿಯರಿಂಗ್ ಪೂರಾ ಒಂದು ಕಡೆಗೆ ತಿರುಗಿಸಿ ಹಿಡಿದು, ಗಾಲಿಯನ್ನು ಕೈಯಿಂದ ತಿರುಗಿಸಿ. ಭಾರವಿಲ್ಲದೆಯೂ ಟಕ್ ಟಕ್ ಎಂದರೆ ಡಾಗ್‌ಬೋನ್ ಅಥವಾ ಅದರ ಕಪ್ ಸವೆದಿದೆ. ಎತ್ತಿದಾಗ ಸದ್ದಿಲ್ಲ, ನೆಲದ ಮೇಲೆ ಮಾತ್ರ ಇದೆ ಎಂದರೆ ಗ್ರೀಸಿನದೇ ಕರಾಮತ್ತು.

ಬಿಚ್ಚಿ, ಸೀಮೆಎಣ್ಣೆಯಲ್ಲಿ ಗ್ರೀಸ್ ತೊಳೆದು, ಪೂರ್ತಿ ಒಣಗಿಸಿ. ರಬ್ಬರ್ ರಿಂಗುಗಳನ್ನು ಸೀಮೆಎಣ್ಣೆಗೆ ಹಾಕಬೇಡಿ. ಪೆಟ್ರೋಲಿಯಂ ಗ್ರೀಸಿಗೆ ಅವು ಉಬ್ಬಿದ್ದರೆ ಬದಲಿಸಿ. ತುಂಬಬೇಕಾದದ್ದು ಸಿಲಿಕೋನ್ ಡಿಫ್ ಆಯಿಲ್. ಈ ಅಳತೆಯ ಗಾಡಿಗೆ ಮುಂದೆ 5,000ದಿಂದ 10,000 ಸಿಎಸ್‌ಟಿ (ಆಯಿಲ್ ಎಷ್ಟು ಮಂದ ಎಂಬುದರ ಅಳತೆ), ಹಿಂದೆ ಅದಕ್ಕಿಂತ ತೆಳು. ಶಾಕ್‌ಗೆ ಹಾಕುವ 300-500ರ ಆಯಿಲ್ ಇದಕ್ಕೆ ನೀರಿನಷ್ಟು ತೆಳ್ಳಗಾಗುತ್ತದೆ. ಅಡ್ಡ ಗೇರುಗಳು ಮುಳುಗುವಷ್ಟು ಹಾಕಿ, ಗೇರ್ ತಿರುಗಿಸಿ ಗುಳ್ಳೆ ಹೊರಗೆ ಬರಲು ಬಿಟ್ಟು, ಕಂಠಕ್ಕಿಂತ ಕೊಂಚ ಕೆಳಗೇ ನಿಲ್ಲಿಸಿ. ಬಿಸಿಗೆ ಹಿಗ್ಗಲು ಜಾಗ ಬೇಕು. ಮುಚ್ಚಳದ ಸ್ಕ್ರೂಗಳನ್ನು ಒಂದಾದ ಮೇಲೊಂದು ಅಲ್ಲ, ಎದುರು ಬದುರಾಗಿ ಬಿಗಿಯಿರಿ.

ಡಿಫ್ ಮರಳಿ ಕೂರಿಸುವಾಗ ರಿಂಗ್ ಗೇರ್ ಯಾವ ಕಡೆಗಿತ್ತು ಎಂದು ಬಿಚ್ಚುವ ಮುಂಚೆಯೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಉಲ್ಟಾ ಕೂರಿಸಿದರೆ ಹಿಂದಿನ ಗಾಲಿ ಮುಂದಕ್ಕೂ ಮುಂದಿನವು ಹಿಂದಕ್ಕೂ ಎಳೆದು ಗಾಡಿ ನಿಂತಲ್ಲೇ ಗುದ್ದಾಡುತ್ತದೆ, ಆ ಹೊತ್ತಿಗೆ ನಿಮ್ಮ ಹೊಸ ಸ್ಪರ್ ಮುಗಿದಿರುತ್ತದೆ. ಬ್ಯಾಟರಿ ಹಾಕುವ ಮುಂಚೆ ಕೈಯಿಂದ ಸ್ಪರ್ ತಿರುಗಿಸಿ ನಾಲ್ಕೂ ಗಾಲಿ ಒಂದೇ ದಿಕ್ಕಿಗೆ ಹೋಗುತ್ತವೆಯೇ ನೋಡಿ. ರಿಂಗ್ ಗೇರ್ ಅದರ ಪಿನಿಯನ್ನಿಂದ ದೂರವಿದ್ದು ಎಗರುತ್ತಿದ್ದರೆ ರಿಂಗ್ ಗೇರಿನ ಬೆನ್ನಿನ ಕಡೆ 0.1 ಅಥವಾ 0.2 ಮಿ.ಮೀ. ಶಿಮ್ (ತೆಳು ವಾಷರ್) ಹಾಕಿ ಹತ್ತಿರ ತನ್ನಿ. ಬಿಗಿ ಹತ್ತಿದರೆ ತೆಗೆಯಿರಿ.

ಸ್ಟೀಲ್ ಸ್ಪರ್ ಹಾಕಲೇ?

ಹಾಕಬಹುದು, ಈಗ ಬೇಡ ಎನ್ನುತ್ತೇನೆ. ಸ್ಟೀಲ್ ಸ್ಪರ್ ಸವೆಯುವುದಿಲ್ಲ ಎಂದರೆ ಏಟು ಮಾಯವಾಯಿತು ಎಂದಲ್ಲ, ಮುಂದಿನ ದುರ್ಬಲ ಜಾಗಕ್ಕೆ ಹೋಯಿತು. ಹೊರಗಿನಿಂದ ಎರಡು ಸ್ಕ್ರೂ ಬಿಚ್ಚಿ ಬದಲಿಸುವ ಅಗ್ಗದ ಗೇರಿನ ಬದಲು, ಇಡೀ ಗಾಡಿ ಬಿಚ್ಚಿ ಬದಲಿಸಬೇಕಾದ ರಿಂಗ್ ಗೇರ್ ಮುರಿಯುತ್ತದೆ. ಸದ್ದು ಹೆಚ್ಚು, ತೂಕ ಹೆಚ್ಚು, ಅಂತರ ತಪ್ಪಿದರೆ ಪಿನಿಯನ್ನನ್ನೂ ತಿನ್ನುತ್ತದೆ. ಮೂರು ಸೆಲ್ಲಿನಲ್ಲೇ ಓಡಿಸುತ್ತೇನೆ ಎಂಬ ಹಟವಿದ್ದು, ಚಿಕ್ಕ ಪಿನಿಯನ್ ಹಾಕಿ, ಸ್ಲಿಪ್ಪರ್ ಸರಿ ಹೊಂದಿಸಿದ ಮೇಲೂ ನೈಲಾನ್ ನಿಲ್ಲದಿದ್ದರೆ ಆಗ ಸ್ಟೀಲ್ ಯೋಚಿಸಿ, ಡಿಫ್‌ಗಳೂ ಲೋಹದವಿದ್ದರೆ ಮಾತ್ರ. ನನ್ನ ಆಯ್ಕೆ: ನೈಲಾನ್ ಸ್ಪರ್, ಹೊಸ ಸ್ಟೀಲ್ ಪಿನಿಯನ್, ಎರಡು ಸೆಲ್.

ಮಣ್ಣು, ಬಿಸಿಲು

ನಿಮ್ಮ ಕಡೆಯ ಎರೆ ಮಣ್ಣು ಒಣಗಿದ್ದಾಗ ಅಷ್ಟು ಕಾಟ ಕೊಡುವುದಿಲ್ಲ. ಹಸಿಯಿದ್ದಾಗ ಆಕ್ಸಲ್ ಸುತ್ತ ಮೆತ್ತಿ, ಒಣಗಿ ಗಟ್ಟಿಯಾಗಿ ಬೇರಿಂಗಿನ ಸೀಲನ್ನು ಎತ್ತುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯ ಸುಣ್ಣಕಲ್ಲಿನ ಧೂಳು ಮೆತ್ತಗಿನದಾದರೂ ತೀರ ನುಣುಪು, ಲೋಹದ ಮುಚ್ಚಳವಿರುವ ಬೇರಿಂಗಿನೊಳಗೆ ನುಸುಳುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ಗಟ್ಟಿ ಕಾಳುಗಳು ಹಲ್ಲಿನ ನಡುವೆ ಸಿಕ್ಕಿ ನೈಲಾನ್ ಚುಚ್ಚುತ್ತವೆ. ಯಾದಗಿರಿ ಕಡೆ ಗ್ರಾನೈಟ್ ಸವೆದು ಬಂದ ಮರಳು ಸ್ಟೀಲನ್ನೇ ಉಜ್ಜುತ್ತದೆ. ಎಲ್ಲಕ್ಕೂ ಒಂದೇ ನಿಯಮ: ಗೇರಿನ ಮುಚ್ಚಳವಿಲ್ಲದೆ ಓಡಿಸಬೇಡಿ, ಹೊರಗೆ ಕಾಣುವ ಸ್ಪರ್-ಪಿನಿಯನ್‌ಗೆ ಗ್ರೀಸ್ ಹಚ್ಚಬೇಡಿ. ಗ್ರೀಸ್ ಧೂಳನ್ನು ಹಿಡಿದು ಉಜ್ಜುವ ಪೇಸ್ಟ್ ಆಗುತ್ತದೆ. ಗ್ರೀಸ್ ಮುಚ್ಚಿದ ಪೆಟ್ಟಿಗೆಯೊಳಗಿನ ರಿಂಗ್ ಗೇರಿಗೆ ಮಾತ್ರ.

ಒಣ ಬ್ರಷ್‌ನಿಂದ ಉಜ್ಜಿ, ಸೈಕಲ್ ಪಂಪಿನಿಂದ ಊದಿದರೆ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಹಿಡಿದರೆ ಧೂಳು ಬೇರಿಂಗಿನೊಳಗೇ ಹೋಗುತ್ತದೆ. ಸಂಕ್ರಾಂತಿ ಹೊತ್ತಿಗೆ ಬಯಲಲ್ಲಿ ಬಿದ್ದ ಪತಂಗದ ಮಾಂಜಾ ಹೆಕ್ಸ್ ಹಿಂದೆ ಸುತ್ತಿಕೊಂಡು ಸೀಲ್ ಕತ್ತರಿಸುವುದು ಸಾಮಾನ್ಯ. 7 ನಂಬರ್ ಪಾನಾದಿಂದ ಗಾಲಿ ನಟ್ ಬಿಚ್ಚಿ ಒಮ್ಮೆ ನೋಡಿ. ಹೆಕ್ಸ್ ಒಳಗಿನ ಸಣ್ಣ ಪಿನ್ ಬಿದ್ದುಹೋಗದಂತೆ ತಟ್ಟೆಯ ಮೇಲಿಟ್ಟು ಬಿಚ್ಚಿ.

ಬೇರಿಂಗ್ ತರಿಸುವಾಗ ಒಳ ಅಡ್ಡಳತೆ, ಹೊರ ಅಡ್ಡಳತೆ, ದಪ್ಪ ಮೂರೂ ಬೇಕು. 5×10×4 ಎಂದರೆ ಎಂಆರ್105, 5×11×4 ಎಂದರೆ ಎಂಆರ್115, 10×15×4 ಎಂದರೆ 6700. ಮೊದಲ ಎರಡಕ್ಕೆ ಇರುವ ಒಂದು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಅಳೆಯಲೇಬೇಕು. ನಮ್ಮ ಧೂಳಿಗೆ ರಬ್ಬರ್ ಸೀಲಿನ 2ಆರ್‌ಎಸ್ ತರಿಸಿ, ಲೋಹದ ಮುಚ್ಚಳದ ಝಡ್‌ಝಡ್ ಬೇಡ.

ಬಿಸಿಲಿನ ಲೆಕ್ಕವನ್ನೂ ಇಟ್ಟುಕೊಳ್ಳಿ. ಚಳಿಗಾಲದ 25 ಡಿಗ್ರಿಯಲ್ಲಿ 65 ಡಿಗ್ರಿ ತಲುಪುವ ಮೋಟರ್, ಮೇ ತಿಂಗಳ 42ರಲ್ಲಿ ಅದೇ ಓಟಕ್ಕೆ 82 ಮುಟ್ಟುತ್ತದೆ. 80ರ ಒಳಗಿರುವುದು ಒಳ್ಳೆಯದು. ಅತಿ ಕಾದರೆ ಒಳಗಿನ ಅಯಸ್ಕಾಂತದ ಬಲ ಕುಂದುತ್ತದೆ, ಅದು ಮರಳಿ ಬರುವುದಿಲ್ಲ. ಬೇಸಿಗೆಗೆ ಒಂದೆರಡು ಹಲ್ಲು ಚಿಕ್ಕ ಪಿನಿಯನ್ ಹಾಕುವುದು ಜಾಣತನ.

ತರಿಸಬೇಕಾದ್ದು: ಹಳೆಯ ಗಾತ್ರದ್ದೇ 54 ಹಲ್ಲಿನ ನೈಲಾನ್ ಸ್ಪರ್ ಎರಡು (ಒಂದು ಕೈಯಲ್ಲಿರಲಿ), ಅದಕ್ಕೊಪ್ಪುವ 18 ಹಲ್ಲಿನ ಪಿನಿಯನ್ ಒಂದು, ಮೂರು ಸೆಲ್ ಬಿಡಲೊಲ್ಲಿರಾದರೆ 13ರದ್ದೂ ಒಂದು, ಸ್ಲಿಪ್ಪರ್ ಪ್ಯಾಡ್ ಮತ್ತು ನಟ್, ಸ್ಪರ್ ಶಾಫ್ಟಿನ ಬೇರಿಂಗ್ ಒಂದು ಜೊತೆ, ಮುಂದಿನ ಡಿಫ್‌ನ ರಬ್ಬರ್ ರಿಂಗ್ ಮತ್ತು ಗ್ಯಾಸ್ಕೆಟ್, 7,000 ಸಿಎಸ್‌ಟಿ ಆಯಿಲ್ ಒಂದು ಬಾಟಲಿ. ನೀಲಿ ಥ್ರೆಡ್‌ಲಾಕರ್ ಆಟೊಮೊಬೈಲ್ ಅಂಗಡಿಯಲ್ಲೇ ಸಿಗುತ್ತದೆ. ಜೋಡಿಸಿದ ಮೇಲೆ ಮೊದಲ ಓಟ ಅರ್ಧ ಥ್ರಾಟಲಿನಲ್ಲಿ ಎರಡು ಮೂರು ನಿಮಿಷ ಮಾತ್ರ. ನಿಲ್ಲಿಸಿ ಬ್ಯಾಟರಿ ತೆಗೆದು ಮೋಟರ್ ಸ್ಕ್ರೂ ಮತ್ತೆ ಬಿಗಿಯಿರಿ, ಪಿನಿಯನ್ ಮೇಲಿನ ಗೆರೆ ನೋಡಿ, ಮುಚ್ಚಳ ತೆಗೆದು ಹೊಸ ಪುಡಿ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅಂತರ ಇನ್ನೂ ಸರಿಯಾಗಿಲ್ಲ, ಹಾಳೆ ಪಟ್ಟಿಯಿಂದ ಮತ್ತೆ ಶುರು ಮಾಡಿ.